ಒಂದು ಹಗಲಿನ ಊರುಗಳು: ವಿಹಾರ ಹಡಗುಗಳು ಎಲ್ಲಿಗೆ ಹೋಗುತ್ತವೆ, ಏಕೆ ಹೋಗುತ್ತವೆ

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ಹಡಗುಗಳು ಬರತೊಡಗುತ್ತವೆ. ಬೆಳಗ್ಗೆ ಹಡಗು ಧಕ್ಕೆಗೆ ತಾಗುತ್ತದೆ. ಯಕ್ಷಗಾನದ ವೇಷ, ಚೆಂಡೆಯ ಸದ್ದಿನ ಸ್ವಾಗತವಾಗುತ್ತದೆ. ಕ್ಯಾಮರಾ ತೂಗುಹಾಕಿಕೊಂಡ ಹಿರಿಯ ವಯಸ್ಸಿನ ಪ್ರವಾಸಿಗರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಒಂದು ಗೇರುಬೀಜದ ಕಾರ್ಖಾನೆ ಇಷ್ಟನ್ನು ನೋಡಿಕೊಂಡು ಸಂಜೆಯೊಳಗೆ ವಾಪಸಾಗುತ್ತಾರೆ. ಕತ್ತಲಾಗುವ ಹೊತ್ತಿಗೆ ಹಡಗು ಹೊರಟಾಗಿರುತ್ತದೆ.

ಅಷ್ಟು ದೂರದಿಂದ ಬಂದವರು ಒಂದು ರಾತ್ರಿಯಾದರೂ ಊರಿನಲ್ಲಿ ಏಕೆ ಉಳಿಯುವುದಿಲ್ಲ ಎಂದು ಕೇಳುವವರಿದ್ದಾರೆ. ಉತ್ತರ ನಕ್ಷೆಯಲ್ಲಿದೆ. ಗೋವಾದ ಮುರ್ಮುಗೋವಾ ಬಂದರು ನವಮಂಗಳೂರಿಗೆ ಉತ್ತರದಲ್ಲಿ 170 ನಾಟಿಕಲ್ ಮೈಲಿ ದೂರ. ಕೊಚ್ಚಿ ದಕ್ಷಿಣಕ್ಕೆ 191 ನಾಟಿಕಲ್ ಮೈಲಿ. (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್.) ಗಂಟೆಗೆ 18ರಿಂದ 20 ನಾಟಿಕಲ್ ಮೈಲಿ ಸಾಗುವ ಹಡಗು ಸಂಜೆ ಒಂದು ಬಂದರು ಬಿಟ್ಟರೆ ಬೆಳಗಾಗುವಾಗ ಇನ್ನೊಂದು ಬಂದರಿನಲ್ಲಿರುತ್ತದೆ. ಪ್ರಯಾಣಿಕ ಮಲಗಿ ಏಳುವಷ್ಟರಲ್ಲಿ ಊರು ಬದಲಾಗಿರಬೇಕು, ಹಾಸಿಗೆ ಬದಲಾಗಿರಬಾರದು. ಈ ವ್ಯಾಪಾರದ ಗುಟ್ಟೇ ಇದು. ಗೋವಾಕ್ಕೂ ಕೊಚ್ಚಿಗೂ ನಡುವೆ ಒಂದೊಂದು ರಾತ್ರಿಯ ದಾರಿಯಲ್ಲಿ ಇರುವುದು ಮಂಗಳೂರಿನ ಮೊದಲ ಅರ್ಹತೆ. ಬಸದಿಯ ಚೆಲುವು ಆಮೇಲಿನ ಮಾತು.

ಜಗತ್ತಿನ ಹೆಸರಾಂತ ವಿಹಾರ ತಾಣಗಳನ್ನು ನೋಡಿದರೂ ಇದೇ ಲೆಕ್ಕ ಕಾಣುತ್ತದೆ. ಹಡಗು ಹೊರಡುವ ದೊಡ್ಡ ಬಂದರಿಗೆ ಹತ್ತಿರವಿರಬೇಕು, ಋತುಮಾನದಲ್ಲಿ ಕಡಲು ಶಾಂತವಾಗಿರಬೇಕು, ಎಂಟು ಗಂಟೆಯೊಳಗೆ ನೋಡಿ ಮುಗಿಸುವಂಥದ್ದೇನಾದರೂ ಇರಬೇಕು.

ಚಳಿಗಾಲದ ಖಾಲಿ ಹಡಗು

ವಿಹಾರಕ್ಕೆಂದೇ ಹಡಗು ಹೊರಡುವ ಪದ್ಧತಿ ಹುಟ್ಟಿದ್ದು ಕೂಡ ಲಾಭನಷ್ಟದ ಚಿಂತೆಯಿಂದಲೇ. ಜರ್ಮನಿಯ ಹ್ಯಾಂಬರ್ಗಿನ ಹಡಗು ಕಂಪನಿಯೊಂದನ್ನು ನಡೆಸುತ್ತಿದ್ದ ಆಲ್ಬರ್ಟ್ ಬಾಲಿನ್ ಎಂಬವರಿಗೆ ಒಂದು ತಲೆನೋವಿತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಪ್ರಯಾಣಿಕರು ಕಡಿಮೆ, ದುಬಾರಿ ಹಡಗುಗಳು ಸುಮ್ಮನೆ ನಿಂತಿರುತ್ತಿದ್ದವು. 1891ರ ಜನವರಿಯಲ್ಲಿ ಅವರು 'ಅಗಸ್ಟಾ ವಿಕ್ಟೋರಿಯಾ' ಎಂಬ ಹಡಗಿನಲ್ಲಿ 241 ಮಂದಿಯನ್ನು ಕೂರಿಸಿ ಮೆಡಿಟರೇನಿಯನ್ ಸುತ್ತಿಸಿಕೊಂಡು ಬಂದರು. ಹೆಚ್ಚುಕಡಿಮೆ ಎರಡು ತಿಂಗಳ ಪ್ರವಾಸ. ಆಧುನಿಕ ಕ್ರೂಸ್ ಇತಿಹಾಸವನ್ನು ಅಲ್ಲಿಂದಲೇ ಎಣಿಸುವುದು ರೂಢಿ.

ಎರಡನೆಯ ತಿರುವು ಬಂದದ್ದು 1958ರಲ್ಲಿ. ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಪ್ರಯಾಣಿಕ ಸೇವೆ ಶುರುವಾದಾಗ ಯುರೋಪಿನಿಂದ ಅಮೆರಿಕಕ್ಕೆ ಜನರನ್ನು ಸಾಗಿಸುತ್ತಿದ್ದ ಹಡಗುಗಳ ಅನ್ನಕ್ಕೆ ಕುತ್ತು ಬಂತು. ಹಡಗಿನಲ್ಲಿ ಐದಾರು ದಿನ ಹಿಡಿಯುತ್ತಿದ್ದ ದಾರಿ ವಿಮಾನದಲ್ಲಿ ಕೆಲವೇ ಗಂಟೆಗಳಿಗೆ ಇಳಿದ ಮೇಲೆ ಹಡಗು ಹತ್ತುವವರು ಯಾರು? ಆಗ ಹಡಗಿನವರು ದಾರಿಯನ್ನೇ ಸರಕು ಮಾಡಿ ಮಾರಲು ಕಲಿತರು. 1966ರ ಡಿಸೆಂಬರಿನಲ್ಲಿ ನಾರ್ವೆಯ ಕ್ನುಟ್ ಕ್ಲೋಸ್ಟರ್ ಅವರ 'ಸನ್‌ವರ್ಡ್' ಹಡಗು, ಟೆಡ್ ಆರಿಸನ್ ಅವರ ಪಾಲುಗಾರಿಕೆಯಲ್ಲಿ, ಅಮೆರಿಕದ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಸ್ಸಾವಿಗೆ ಓಡಾಟ ಆರಂಭಿಸಿತು. ಇಂದಿನ ಉದ್ಯಮದ ಬೇರು ಅದು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 2.97 ಕೋಟಿ ಜನ ವಿಹಾರ ಹಡಗುಗಳಲ್ಲಿ ಪ್ರಯಾಣಿಸಿದ್ದರು. ಕೋವಿಡ್ ಹೊಡೆತದ ನಂತರ ಈ ಸಂಖ್ಯೆ ಮತ್ತೆ ಏರಿ 2024ರಲ್ಲಿ 3.46 ಕೋಟಿ ಆಯಿತೆಂದು ಉದ್ಯಮದ ಅಂತಾರಾಷ್ಟ್ರೀಯ ಸಂಘಟನೆ ಲೆಕ್ಕ ಕೊಟ್ಟಿದೆ.

ಕೆರಿಬಿಯನ್: ದಿನಕ್ಕೊಂದು ದ್ವೀಪ, ದಿನಕ್ಕೊಂದು ಭಾಷೆ

ಅತಿ ಹೆಚ್ಚು ಜನ ಹೋಗುವುದು ಕೆರಿಬಿಯನ್ ಸಮುದ್ರಕ್ಕೆ. ನಮ್ಮಲ್ಲಿ ಕ್ರಿಕೆಟ್ಟಿನಿಂದಾಗಿ ವೆಸ್ಟ್ ಇಂಡೀಸ್ ಎಂದು ಗೊತ್ತಿರುವ ಪ್ರದೇಶ. ಅಮೆರಿಕ, ಕೆನಡಾಗಳಲ್ಲಿ ಹಿಮ ಬೀಳುವಾಗ ಅಲ್ಲಿ ಬೆಚ್ಚನೆಯ ಬಿಸಿಲು. ಮಯಾಮಿಯಿಂದ ನಸ್ಸಾವಿಗೆ ಸುಮಾರು 300 ಕಿಲೋಮೀಟರ್, ಅಂದರೆ ಮಂಗಳೂರಿನಿಂದ ಗೋವಾದಷ್ಟೇ. ದ್ವೀಪಗಳು ಒಂದಕ್ಕೊಂದು ಹತ್ತಿರ. ಒಂದು ವಾರದಲ್ಲಿ ಮೂರು ನಾಲ್ಕು ದೇಶ ನೋಡಿದೆವು ಎಂದು ಹೇಳಿಕೊಳ್ಳಬಹುದು. ನಸ್ಸಾವಿನಲ್ಲಿ ಇಂಗ್ಲಿಷ್, ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಸ್ಪ್ಯಾನಿಷ್, ಮಾರ್ಟಿನಿಕ್‌ನಲ್ಲಿ ಫ್ರೆಂಚ್. ಕುರಸಾವ್ ದ್ವೀಪದಲ್ಲಿ ಡಚ್ ಸರ್ಕಾರಿ ಭಾಷೆಯಾದರೂ ಮನೆಮಾತು ಪಾಪಿಯಮೆಂಟು, ಪೋರ್ಚುಗೀಸ್, ಸ್ಪ್ಯಾನಿಷ್, ಡಚ್ ಮತ್ತು ಆಫ್ರಿಕದ ನುಡಿಗಳು ಬೆರೆತ ಭಾಷೆ. ಕೊಜುಮೆಲ್‌ಗೆ ಹೋಗುವವರನ್ನು ಸೆಳೆಯುವುದು ಹವಳದ ದಿಬ್ಬಗಳ ನಡುವಿನ ಮುಳುಗು ಈಜು ಮತ್ತು ಮಾಯಾ ಜನರ ಹಳೆಯ ಕಟ್ಟಡಗಳು.

ಗಡಿನಾಡಿನ ಓದುಗರಿಗೆ ವಿಶೇಷ ಎನಿಸಬಹುದಾದ ದ್ವೀಪವೊಂದು ಇಲ್ಲಿದೆ. ಅದರ ಹೆಸರು ಸೇಂಟ್ ಮಾರ್ಟಿನ್. ಇಡೀ ದ್ವೀಪ 87 ಚದರ ಕಿಲೋಮೀಟರ್. ನಮ್ಮ ಕೆಲವು ಪಂಚಾಯತ್‌ಗಳು ಅದಕ್ಕಿಂತ ದೊಡ್ಡವು. ಇಷ್ಟರಲ್ಲಿ ಎರಡು ಆಡಳಿತ. ಉತ್ತರದ 53 ಚದರ ಕಿಲೋಮೀಟರ್ ಫ್ರಾನ್ಸಿಗೆ ಸೇರಿದ್ದು. ದಕ್ಷಿಣದ 34 ಚದರ ಕಿಲೋಮೀಟರ್ ನೆದರ್ಲೆಂಡ್ಸ್ ರಾಜ್ಯದೊಳಗಿನ ಒಂದು ದೇಶ, 2010ರ ಅಕ್ಟೋಬರ್ 10ರಿಂದ ತನ್ನದೇ ಸರ್ಕಾರವಿರುವ ಸಿಂಟ್ ಮಾರ್ಟನ್. 1648ರಲ್ಲಿ ಎರಡೂ ಕಡೆಯವರು ಗುಡ್ಡವೊಂದರ ಮೇಲೆ ಕುಳಿತು ಮಾಡಿಕೊಂಡ ಒಪ್ಪಂದದಿಂದ ಈ ಪಾಲು. ಇದರ ಬಗ್ಗೆ ದ್ವೀಪದಲ್ಲೊಂದು ಕಥೆಯಿದೆ. ಒಬ್ಬ ಫ್ರೆಂಚ್, ಒಬ್ಬ ಡಚ್ ಮನುಷ್ಯರನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಕರಾವಳಿಯುದ್ದಕ್ಕೂ ನಡೆಯಲು ಬಿಟ್ಟರಂತೆ, ಇಬ್ಬರೂ ಎದುರಾದಲ್ಲಿ ಗಡಿ. ಫ್ರೆಂಚನು ದಾರಿಗೆ ದ್ರಾಕ್ಷಾರಸ ಒಯ್ದಿದ್ದ, ಡಚ್ಚನು ಜಿನ್ ಒಯ್ದಿದ್ದ. ಜಿನ್ನಿನ ಅಮಲು ಜಾಸ್ತಿಯಾಗಿ ಅವನ ನಡಿಗೆ ನಿಧಾನವಾಯಿತು, ಪಾಲೂ ಕಡಿಮೆಯಾಯಿತು ಎನ್ನುತ್ತಾರೆ. ಇತಿಹಾಸವಲ್ಲ, ಆದರೆ ಪ್ರವಾಸಿಗರಿಗೆ ಹೇಳಲು ಚೆನ್ನಾಗಿದೆ.

ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ. ರಸ್ತೆ ಬದಿಯಲ್ಲಿ 300ನೇ ವರ್ಷದ ನೆನಪಿಗೆ 1948ರಲ್ಲಿ ನಿಲ್ಲಿಸಿದ ಕಲ್ಲುಕಂಬವೊಂದಿದೆ, ಅಷ್ಟೇ. ಒಂದು ಬದಿಯಲ್ಲಿ ಯೂರೋ, ಇನ್ನೊಂದು ಬದಿಯಲ್ಲಿ ಗಿಲ್ಡರ್, ಎರಡೂ ಕಡೆ ಡಾಲರ್ ನಡೆಯುತ್ತದೆ. ವಿದ್ಯುತ್ ಒಂದು ಕಡೆ 220 ವೋಲ್ಟ್, ಇನ್ನೊಂದು ಕಡೆ 110. ದೂರವಾಣಿ ಕೋಡ್ ಬೇರೆ ಬೇರೆ, ಶಾಲೆಯ ಪಾಠ ಬೇರೆ ಬೇರೆ. ಜನ ಮಾತ್ರ ಎರಡೂ ಬದಿಯಲ್ಲಿ ತಮ್ಮದೇ ಧಾಟಿಯ ಇಂಗ್ಲಿಷ್ ಮಾತಾಡುತ್ತಾರೆ, ಬೇಲಿಯಾಚೆ ನೆಂಟಸ್ತನವಿದೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಜುಲೈ ಕೊನೆಯಲ್ಲಿ ಫ್ರೆಂಚ್ ಆಡಳಿತ ಗಡಿಯಲ್ಲಿ ಪೊಲೀಸರನ್ನು ನಿಲ್ಲಿಸಿ ದಾರಿ ಮುಚ್ಚಿದಾಗ ಎರಡೂ ಕಡೆಯವರು ಪ್ರತಿಭಟಿಸಿದರು. ಸೆಪ್ಟೆಂಬರಿನಲ್ಲಿ ಗಡಿ ತೆರೆಯಿತು. ಅದೇ ವರ್ಷ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಪಾಡುಪಟ್ಟ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಹಾರ ಹಡಗುಗಳು ಬಂದು ನಿಲ್ಲುವುದು ಡಚ್ ಬದಿಯ ಫಿಲಿಪ್ಸ್‌ಬರ್ಗ್‌ನಲ್ಲಿ. ಒಂದು ಕಾಲದಲ್ಲಿ ಡಚ್ಚರನ್ನು ಇಲ್ಲಿಗೆ ಎಳೆದು ತಂದದ್ದು ಉಪ್ಪು. ಊರ ಹಿಂದಿನ ದೊಡ್ಡ ಉಪ್ಪಿನ ಕೆರೆ ಈಗಲೂ ಇದೆ, ಉಪ್ಪು ತೆಗೆಯುವವರಿಲ್ಲ. ಈಗ ಪ್ರವಾಸಿಗರನ್ನು ಎಳೆಯುವುದು ಸುಂಕವಿಲ್ಲದ ಅಂಗಡಿಗಳು. ಕಡಲ ಪಕ್ಕದ ಫ್ರಂಟ್ ಸ್ಟ್ರೀಟ್ ಎಂಬ ಕಿರಿದಾದ ಬೀದಿಯುದ್ದಕ್ಕೂ ಚಿನ್ನ, ವಜ್ರ, ಕೈಗಡಿಯಾರ, ಕ್ಯಾಮರಾ. ಈ ಅಂಗಡಿಗಳಲ್ಲಿ ಹಲವನ್ನು ನಡೆಸುವವರು ಭಾರತ ಮೂಲದ ಸಿಂಧಿ ವ್ಯಾಪಾರಿಗಳು ಎಂಬುದು ಕುತೂಹಲದ ಸಂಗತಿ. ಅಂಗಡಿ ಬೇಡದವರು ಮಾಹೋ ಎಂಬ ಕಡಲತೀರಕ್ಕೆ ಹೋಗುತ್ತಾರೆ. ವಿಮಾನ ನಿಲ್ದಾಣದ ರನ್‌ವೇ ಅಲ್ಲಿ ಮರಳಿನ ಪಕ್ಕದಲ್ಲೇ ಶುರುವಾಗುವುದರಿಂದ ಇಳಿಯುವ ವಿಮಾನಗಳು ಸ್ನಾನ ಮಾಡುವವರ ತಲೆಯ ಮೇಲೆಯೇ ಹಾದುಹೋಗುತ್ತವೆ. ಇನ್ನು ಕೆಲವರು ಬಸ್ಸು ಹಿಡಿದು ಫ್ರೆಂಚ್ ಬದಿಯ ಮಾರಿಗೋಗೆ ಹೋಗಿ ಊಟ ಮಾಡಿ ಬರುತ್ತಾರೆ. ಬೆಳಗ್ಗೆ ಡಚ್, ಮಧ್ಯಾಹ್ನ ಫ್ರೆಂಚ್. ಎಂಟು ಗಂಟೆಯ ಪ್ರವಾಸಿಗೆ ಇದಕ್ಕಿಂತ ಹೇಳಿಮಾಡಿಸಿದ ಊರು ಸಿಗುವುದು ಕಷ್ಟ.

2014ರಲ್ಲಿ ಈ ಪುಟ್ಟ ಬಂದರಿಗೆ ಸುಮಾರು 20 ಲಕ್ಷ ಹಡಗು ಪ್ರಯಾಣಿಕರು ಬಂದರು. ಡಚ್ ಬದಿಯ ಜನಸಂಖ್ಯೆ ಅರ್ಧ ಲಕ್ಷವೂ ಇಲ್ಲ. ಆಮೇಲೆ 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ದ್ವೀಪದ ಮೇಲೆಯೇ ಹಾದುಹೋಯಿತು. ಮನೆಗಳ ಮಾಡು ಹಾರಿತು, ವಿಮಾನ ನಿಲ್ದಾಣ ಹಾಳಾಯಿತು, ಹೋಟೆಲುಗಳು ಮುಚ್ಚಿದವು. ಬರಬೇಕಿದ್ದ ಹಡಗುಗಳು ಪಕ್ಕದ ಬೇರೆ ದ್ವೀಪಗಳಿಗೆ ತಿರುಗಿದವು. ಮೊದಲ ವಿಹಾರ ಹಡಗು ಮತ್ತೆ ಬಂದದ್ದು ಡಿಸೆಂಬರಿನಲ್ಲಿ. ಟ್ಯಾಕ್ಸಿ ಓಡಿಸುವವನಿಗೆ, ಅಂಗಡಿಯಲ್ಲಿ ಸಂಬಳಕ್ಕೆ ನಿಂತ ಹುಡುಗಿಗೆ ಆ ಮೂರು ತಿಂಗಳು ಹೇಗಿದ್ದಿರಬಹುದೆಂದು ಊಹಿಸಬಹುದು. ಹಡಗಿನವರಿಗೆ ಚುಕ್ಕಾಣಿ ತಿರುಗಿಸಿದರೆ ಇನ್ನೊಂದು ದ್ವೀಪ. ದ್ವೀಪದವರಿಗೆ ಇನ್ನೊಂದು ಸಮುದ್ರವಿಲ್ಲ.

ಕಂಪನಿಗಳೂ ಈ ಮಧ್ಯೆ ಬೇರೆ ದಾರಿ ಹಿಡಿದಿವೆ. ಜನರಿರುವ ಊರೇ ಬೇಡ, ನಮ್ಮದೇ ದ್ವೀಪ ಮಾಡಿಕೊಳ್ಳೋಣ ಎಂಬ ದಾರಿ. 1977ರಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ಎಂಬ ನಡುಗಡ್ಡೆಯನ್ನು ಪಡೆದದ್ದು ಇದರ ಆರಂಭ. 2019ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ ತನ್ನ ಕೊಕೊಕೇ ದ್ವೀಪವನ್ನು ಜಾರುಬಂಡೆ, ಈಜುಕೊಳಗಳ ಭಾರಿ ಜಲೋದ್ಯಾನವಾಗಿ ಮಾರ್ಪಡಿಸಿ ತೆರೆಯಿತು. ಪ್ರಯಾಣಿಕರಿಗೆ ಅದು ಇಷ್ಟವಾಗಿದೆ, ಅದರಲ್ಲೂ ಮಕ್ಕಳಿರುವವರಿಗೆ. ಗೋಜಲಿಲ್ಲ, ಬೇಡುವವರಿಲ್ಲ, ಚೌಕಾಶಿಯಿಲ್ಲ. ಹಾಗೆಯೇ ಬೀದಿಯಿಲ್ಲ, ಸಂತೆಯಿಲ್ಲ, ಅಲ್ಲಿ ಹುಟ್ಟಿ ಬೆಳೆದ ಅಜ್ಜಿಯೂ ಇಲ್ಲ. ದೇಶ ನೋಡಲು ಹೋಗಿ ದೇಶವನ್ನೇ ನೋಡದೆ ಬರುವ ಈ ಏರ್ಪಾಡನ್ನು ಪ್ರವಾಸ ಎನ್ನಬೇಕೋ ಬೇಡವೋ ಎಂಬುದು ಅವರವರಿಗೆ ಬಿಟ್ಟದ್ದು.

ಅಲಾಸ್ಕ: ಮಂಜುಗಡ್ಡೆ ನೋಡುವ ದಾರಿ

ಕೆರಿಬಿಯನ್ ಚಳಿಗಾಲದ ತಾಣವಾದರೆ ಬೇಸಿಗೆಯಲ್ಲಿ ಅನೇಕ ಹಡಗುಗಳು ಉತ್ತರಕ್ಕೆ, ಅಮೆರಿಕದ ಅಲಾಸ್ಕಕ್ಕೆ ಹೋಗುತ್ತವೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಋತು. ಬೆಟ್ಟಸಾಲು ಮತ್ತು ಸಾವಿರಾರು ದ್ವೀಪಗಳ ನಡುವಿನ ಮರೆಯ ಕಡಲದಾರಿ ಇದು. ಹೊರಗಿನ ಅಲೆಗಳ ಹೊಡೆತ ತಾಗದು. ಕಡಲಿನ ವಾಕರಿಕೆಗೆ ಹೆದರುವ ವಯಸ್ಸಾದವರೂ ಧೈರ್ಯವಾಗಿ ಹೋಗಲು ಇದೇ ಕಾರಣ. ಡೆಕ್ಕಿನಲ್ಲಿ ಕುಳಿತೇ ತಿಮಿಂಗಿಲ, ಗರುಡ, ಕಾಡು ಇಳಿದು ಬರುವ ದಡ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ಆಕರ್ಷಣೆ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಹಿಮನದಿ ಎಂದರೆ ಹರಿಯುವ ನೀರಲ್ಲ, ಸಾವಿರಾರು ವರ್ಷಗಳ ಹಿಮ ಒತ್ತಿ ಗಟ್ಟಿಯಾಗಿ ತನ್ನ ಭಾರಕ್ಕೆ ತಾನೇ ಮೆಲ್ಲನೆ ಜಾರುವ ಮಂಜುಗಡ್ಡೆಯ ರಾಶಿ. ಅದರ ತುದಿ ಸಮುದ್ರಕ್ಕೆ ಮುಟ್ಟಿದಲ್ಲಿ ಮನೆಯಷ್ಟು ದೊಡ್ಡ ತುಂಡುಗಳು ಕಳಚಿ ನೀರಿಗೆ ಬೀಳುತ್ತವೆ. ಮೊದಲು ಬೀಳುವುದು ಕಾಣುತ್ತದೆ, ಗುಡುಗಿನಂಥ ಸದ್ದು ಆಮೇಲೆ ಕೇಳುತ್ತದೆ. ಇಲ್ಲಿ ಯಾರೂ ದಡಕ್ಕೆ ಇಳಿಯುವುದಿಲ್ಲ, ಹಡಗು ನಿಧಾನಕ್ಕೆ ತಿರುಗಿ ಎಲ್ಲರಿಗೂ ತೋರಿಸಿ ಹಿಂತಿರುಗುತ್ತದೆ. ದಿನಕ್ಕೆ ಎರಡೇ ದೊಡ್ಡ ವಿಹಾರ ಹಡಗುಗಳಿಗೆ ಪ್ರವೇಶ. ಹಾಗಾಗಿ ಟಿಕೆಟು ಕೊಳ್ಳುವಾಗಲೇ ಆ ಹಡಗಿನ ದಾರಿಯಲ್ಲಿ ಗ್ಲೇಸಿಯರ್ ಬೇ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮಂಜು ಕರಗಿ ಹಿಂದೆ ಸರಿಯುತ್ತಿರುವುದರಿಂದ 'ಇರುವಾಗಲೇ ನೋಡಿಬಿಡೋಣ' ಎಂದು ಹೋಗುವವರೂ ಇದ್ದಾರೆ.

ಈ ದಾರಿಯ ಸ್ಕ್ಯಾಗ್‌ವೇ ಎಂಬ ಊರಿನಲ್ಲಿ ಇರುವವರು ಸಾವಿರ ಚಿಲ್ಲರೆ ಜನ. 1897-98ರ ಕ್ಲೋಂಡೈಕ್ ಚಿನ್ನದ ಹುಚ್ಚಿನಲ್ಲಿ ಹುಟ್ಟಿದ ಊರು. ಚಿನ್ನ ಹುಡುಕುವವರಿಗಾಗಿ ಹಾಕಿದ ಕಿರುಹಳಿಯ ರೈಲು ಈಗ ಹಡಗಿನವರನ್ನು ಬೆಟ್ಟ ಹತ್ತಿಸಿ ಇಳಿಸುತ್ತದೆ. ರಾಜಧಾನಿ ಜೂನೋ ಇನ್ನೂ ವಿಚಿತ್ರ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ, ವಿಮಾನ ಅಥವಾ ದೋಣಿಯಲ್ಲೇ ಹೋಗಬೇಕು. ಸುಮಾರು 32 ಸಾವಿರ ಜನರಿರುವ ಈ ಊರಿಗೆ 2023ರಲ್ಲಿ 16 ಲಕ್ಷಕ್ಕೂ ಹೆಚ್ಚು ಹಡಗು ಪ್ರಯಾಣಿಕರು ಬಂದರು. ಹೆಲಿಕಾಪ್ಟರ್ ಸದ್ದು, ಬಸ್ಸುಗಳ ಸಾಲು ತಡೆಯಲಾರದೆ ಊರವರಲ್ಲಿ ಕೆಲವರು ಶನಿವಾರವಾದರೂ ದೊಡ್ಡ ಹಡಗು ಬೇಡ ಎಂದು ಮತಕ್ಕೆ ಹಾಕಿಸಿದರು. 2024ರ ಅಕ್ಟೋಬರಿನಲ್ಲಿ ಆ ಪ್ರಸ್ತಾವ ಸೋತಿತು, ಏಕೆಂದರೆ ಅದೇ ಬಸ್ಸುಗಳಿಂದ ಹೊಟ್ಟೆ ಹೊರೆಯುವವರೂ ಅದೇ ಊರಿನವರು. ಆದರೂ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಮಿತಿಗೆ ಕಂಪನಿಗಳು ಒಪ್ಪಿವೆ. 2026ರಿಂದ ದಿನಕ್ಕೆ 16,000, ಶನಿವಾರ 12,000 ಪ್ರಯಾಣಿಕರು ಎಂಬ ಮಿತಿಯೂ ಒಪ್ಪಂದದಲ್ಲಿದೆ.

ಅಲಾಸ್ಕದ ಹಡಗುಗಳು ಕೆನಡಾದ ವ್ಯಾಂಕೂವರ್ ಅಥವಾ ವಿಕ್ಟೋರಿಯಾವನ್ನು ಮುಟ್ಟದೆ ಹೋಗುವುದಿಲ್ಲ. ಆ ಊರುಗಳು ಸುಂದರ ನಿಜ, ಆದರೆ ಕಾರಣ 1886ರ ಅಮೆರಿಕದ ಕಾನೂನು. ಬೇರೆ ದೇಶದ ಧ್ವಜ ಹಾರಿಸುವ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಒಯ್ಯುವಂತಿಲ್ಲ, ನಡುವೆ ಪರದೇಶದ ಬಂದರೊಂದು ಬರಲೇಬೇಕು. ದೊಡ್ಡ ವಿಹಾರ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮ, ಮಾಲ್ಟಾ ಮುಂತಾದ ದೇಶಗಳಲ್ಲಿ ನೋಂದಾವಣೆಯಾದವು. ಹೀಗೆ ಹಳೆಯ ಕಾನೂನೊಂದು ವಿಕ್ಟೋರಿಯಾ ಊರಿಗೆ ಪ್ರವಾಸಿಗರನ್ನು ತಂದುಕೊಡುತ್ತಿದೆ.

ಯುರೋಪ್: ಬನ್ನಿ, ಆದರೆ ಇಷ್ಟೇ ಜನ ಬನ್ನಿ

ಮೆಡಿಟರೇನಿಯನ್‌ನಲ್ಲಿ ಸೆಳೆತ ಬೇರೆ. ಬಾರ್ಸಿಲೋನಾ, ರೋಮ್, ಅಥೆನ್ಸ್, ದುಬ್ರೋವ್ನಿಕ್ ಎಂದು ಪುಸ್ತಕದಲ್ಲಿ ಓದಿದ ಊರುಗಳನ್ನೆಲ್ಲ ಒಂದೇ ವಾರದಲ್ಲಿ, ಪೆಟ್ಟಿಗೆ ಬಿಚ್ಚಿ ಕಟ್ಟುವ ಕಷ್ಟವಿಲ್ಲದೆ ನೋಡಬಹುದು. ಆದರೆ ರೋಮ್ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಸುಮಾರು 80 ಕಿಲೋಮೀಟರ್ ದೂರದ ಚಿವಿತಾವೆಕ್ಕಿಯಾ ಬಂದರಿನಲ್ಲಿ ಎಂಬುದನ್ನು ಗಮನಿಸಬೇಕು. ಹೋಗಿ ಬರುವುದರಲ್ಲೇ ಮೂರು ಗಂಟೆ ಕಳೆಯುತ್ತದೆ. ಗ್ರೀಸಿನ ಸ್ಯಾಂಟೊರಿನಿಯಲ್ಲಿ ಜ್ವಾಲಾಮುಖಿ ಕುಸಿದು ಆದ ಆಳವಾದ ಕುಳಿಯಲ್ಲೇ ಹಡಗು ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿ, ಆಮೇಲೆ ಬೆಟ್ಟದ ಮೇಲಿನ ಬಿಳಿ ಊರಿಗೆ ಸುಮಾರು 600 ಮೆಟ್ಟಿಲು, ಇಲ್ಲವೇ ತಂತಿಗಾಡಿ, ಇಲ್ಲವೇ ಹೇಸರಗತ್ತೆ.

ಇಲ್ಲಿನ ಊರುಗಳು ಈಗ ಲೆಕ್ಕ ಹಾಕತೊಡಗಿವೆ. ವೆನಿಸ್‌ನಲ್ಲಿ ಹಳೆಯ ಅರಮನೆಗಳಿಗಿಂತ ಎತ್ತರದ ಹಡಗುಗಳು ಊರ ಕಾಲುವೆಯಲ್ಲೇ ಹಾಯುತ್ತಿದ್ದವು. 2019ರ ಜೂನ್‌ನಲ್ಲಿ ಒಂದು ಹಡಗು ಹಿಡಿತ ತಪ್ಪಿ ಧಕ್ಕೆಗೂ ಪ್ರವಾಸಿ ದೋಣಿಗೂ ಗುದ್ದಿ ಹಲವರಿಗೆ ಗಾಯವಾಯಿತು. 2021ರ ಆಗಸ್ಟ್ 1ರಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳಿಗೆ ಆ ಕಾಲುವೆ ನಿಷಿದ್ಧ. ದುಬ್ರೋವ್ನಿಕ್ 2019ರಿಂದ ಒಮ್ಮೆಗೆ ಎರಡೇ ಹಡಗು ಎಂದಿತು. ಸ್ಯಾಂಟೊರಿನಿ 2025ರಲ್ಲಿ ದಿನಕ್ಕೆ 8,000 ಜನ ಎಂದು ಗೆರೆ ಎಳೆಯಿತು, ಆ ವರ್ಷದ ಜುಲೈಯಿಂದ ದಟ್ಟಣೆಯ ತಿಂಗಳುಗಳಲ್ಲಿ ತಲೆಗೆ 20 ಯೂರೋ ತೆರಿಗೆಯೂ ಬಂತು. ಬಾರ್ಸಿಲೋನಾ ತನ್ನ ಏಳು ವಿಹಾರ ಟರ್ಮಿನಲ್‌ಗಳನ್ನು 2030ರೊಳಗೆ ಐದಕ್ಕೆ ಇಳಿಸಲಿದೆ. ಊರವರ ದೂರು ಎಲ್ಲೆಡೆ ಒಂದೇ: ಊಟ ಹಡಗಿನಲ್ಲಿ, ನಿದ್ದೆ ಹಡಗಿನಲ್ಲಿ, ನಮ್ಮ ಪಾಲಿಗೆ ಬರುವುದು ಐಸ್‌ಕ್ರೀಮಿನ ಹಣ ಮತ್ತು ಕಾಲ್ತುಳಿತ. ನಾರ್ವೆಯ ಗೈರಾಂಗರ್ ಕೊಲ್ಲಿಯಲ್ಲಿ ಚಿಂತೆ ಹೊಗೆಯದ್ದು. ಎರಡೂ ಬದಿ ಕಡಿದಾದ ಬೆಟ್ಟವಿರುವುದರಿಂದ ಹೊಗೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಅಲ್ಲಿ 2026ರಿಂದ ಸಣ್ಣ ಪ್ರಯಾಣಿಕ ಹಡಗುಗಳೂ 2032ರಿಂದ ದೊಡ್ಡವೂ ಹೊಗೆಯಿಲ್ಲದೆ ಸಾಗಬೇಕೆಂದು ನಿಯಮವಾಗಿದೆ.

ನಮ್ಮವರು ಹೋಗುವುದಾದರೆ

ಟಿಕೆಟಿನ ಬೆಲೆಯಲ್ಲಿ ಕೋಣೆ, ಊಟ, ಮನರಂಜನೆ ಸೇರಿರುತ್ತದೆ. ಪಾನೀಯ, ಇಂಟರ್ನೆಟ್, ಸಿಬ್ಬಂದಿಗೆ ಕೊಡುವ ಟಿಪ್ಸ್, ಊರು ನೋಡುವ ಬಸ್ಸು ಇವು ಸಾಮಾನ್ಯವಾಗಿ ಬೇರೆ. ಹಡಗು ಮುಟ್ಟುವ ಪ್ರತಿ ದೇಶದ ವೀಸಾ ನಿಯಮ ಮೊದಲೇ ನೋಡಿಕೊಳ್ಳಬೇಕು. ಮಯಾಮಿಯಿಂದ ಹೊರಡುವುದಾದರೆ ಅಮೆರಿಕದ ವೀಸಾ ಬೇಕೇ ಬೇಕು, ನಡುವೆ ಯುರೋಪಿನಿಂದ ಹೊರಗೆ ಹೋಗಿ ಮತ್ತೆ ಒಳಬರುವ ಹಡಗಾದರೆ ಹಲವು ಬಾರಿ ಪ್ರವೇಶದ ಷೆಂಗೆನ್ ವೀಸಾ ಬೇಕು. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಆಗ ದರ ಕಡಿಮೆ, ದಾರಿ ಬದಲಾಗುವ ಸಾಧ್ಯತೆ ಹೆಚ್ಚು.

ಅಷ್ಟು ದೂರ ಬೇಡವೆನ್ನುವವರಿಗೆ ಹತ್ತಿರದಲ್ಲೇ ದಾರಿಯಿದೆ. 2021ರ ಸೆಪ್ಟೆಂಬರಿನಿಂದ ಕೊರ್ಡೇಲಿಯಾ ಕಂಪನಿ ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಯ ಕಡೆಗೆ ವಿಹಾರ ಹಡಗು ಓಡಿಸತೊಡಗಿತು. ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಹಡಗುಗಳೂ ಇವೆ. ಆ ದ್ವೀಪಗಳಿಗೆ ಕಾಲಿಡಲು ಭಾರತೀಯರಿಗೂ ಪರವಾನಗಿ ಬೇಕು. ಹವಳದ ದಿಬ್ಬದೊಳಗೆ ದೊಡ್ಡ ಹಡಗು ಹೋಗಲಾರದ್ದರಿಂದ ಕಡಲಿನಲ್ಲೇ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ, ಮೊಣಕಾಲು ನೋವಿನವರು ಯೋಚಿಸಿ ಹೊರಡುವುದು ಲೇಸು. ಮಲಯಾಳಂ ಬಲ್ಲ ಗಡಿನಾಡಿನವರಿಗೆ ಅಲ್ಲಿನ ಜೆಸೆರಿ ಮಾತು ಸ್ವಲ್ಪ ಕಿವಿಗೊಟ್ಟರೆ ಅರ್ಥವಾಗುತ್ತದೆ. ಮಿನಿಕಾಯ್‌ನಲ್ಲಿ ಮಾತ್ರ ಅದು ನಡೆಯದು, ಅಲ್ಲಿಯದು ಮಾಲ್ಡೀವ್ಸ್‌ನ ಭಾಷೆಯ ನೆಂಟ.

ಈ ಹಡಗುಗಳ ಅಡುಗೆಮನೆ, ಊಟದ ಹಾಲ್‌ಗಳಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಗೋವಾದಲ್ಲಿ ತಲೆಮಾರುಗಳಿಂದ ಹಡಗಿಗೆ ಹೋಗುವ ಮನೆಗಳಿವೆ, ಕೊಂಕಣಿಯಲ್ಲಿ ಅವರನ್ನು ತಾರ್ವೊಟ್ಟಿ ಎನ್ನುತ್ತಾರೆ. ಆರು ಒಂಬತ್ತು ತಿಂಗಳ ಕರಾರು, ವಾರದ ರಜೆಯಿಲ್ಲ. 2020ರಲ್ಲಿ ಹಡಗುಗಳೆಲ್ಲ ನಿಂತಾಗ ಪ್ರಯಾಣಿಕರು ಇಳಿದು ಹೋದರು, ಸಿಬ್ಬಂದಿ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಕಡಲಿನಲ್ಲೇ ಉಳಿದರು. ಹಡಗಿನ ಕೆಲಸ ಕೊಡಿಸುವ ಏಜೆನ್ಸಿಗೆ ಕೇಂದ್ರದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು. ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಹಣ ಕೇಳುವಂತಿಲ್ಲ. ಕೇಳಿದರೆ ಅಲ್ಲಿಂದ ಎದ್ದು ಬರುವುದು ಸರಿ.

ಕೊನೆಯದಾಗಿ ಒಂದು ಸಣ್ಣ ವಿಷಯ. ಬಂದರಿನಲ್ಲಿ ಇಳಿಯುವಾಗ ಹಡಗು ಹತ್ತಲು ಕೊನೆಯ ಸಮಯವನ್ನು ಮೆಟ್ಟಿಲ ಬಳಿ ಬರೆದು ಹಾಕಿರುತ್ತಾರೆ. ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋಗಿ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದವರಿಗೆ ಕಾಯುವುದಿಲ್ಲ. ಮುಂದಿನ ಬಂದರಿಗೆ ತಮ್ಮದೇ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕಾಗುತ್ತದೆ. ಹಾಗಾಗಿ ಪಾಸ್‌ಪೋರ್ಟಿನ ಪ್ರತಿ ಮತ್ತು ಸ್ವಲ್ಪ ಹಣ ಜೇಬಿನಲ್ಲೇ ಇರಲಿ. ಗಡಿಯಾರವನ್ನು ಹಡಗಿನ ಸಮಯಕ್ಕೇ ಹೊಂದಿಸಿಕೊಂಡಿರಬೇಕು, ಕೆಲವು ಬಂದರುಗಳಲ್ಲಿ ಊರಿನ ಸಮಯ ಬೇರೆ ಇರುತ್ತದೆ.